ಲಂಡನ್ ಶಾಲೆಗಳು ಮನೆಗೆ ಏನು ತಿಳಿಸಬೇಕು?

ಮಕ್ಕಳನ್ನು ಕರೆದುಕೊಂಡು ಲಂಡನ್ನಿಗೆ ಬಂದಿಳಿದ ಕನ್ನಡ ಕುಟುಂಬಕ್ಕೆ ಮೊದಲ ತಿಂಗಳಲ್ಲೇ ಎದುರಾಗುವ ಪ್ರಶ್ನೆ, ಈ ಶಾಲೆಗಳಿಗೆಲ್ಲ ಮೇಲಿನವರು ಯಾರು ಎಂಬುದು. ನಮ್ಮಲ್ಲಾದರೆ ಹಳ್ಳಿಯ ಶಾಲೆಯಿಂದ ಬಿಇಒ, ಅಲ್ಲಿಂದ ಡಿಡಿಪಿಐ, ಅದರಾಚೆ ಬೆಂಗಳೂರಿನ ಆಯುಕ್ತರ ಕಚೇರಿ ಎಂದು ಬೆರಳು ಮಡಚಿ ಹೇಳಿಬಿಡಬಹುದು. ಲಂಡನ್ನಿನಲ್ಲಿ ಅಂಥ ಒಂದೇ ದಾರಿಯಿಲ್ಲ. ಸುದ್ದಿ ಬೇರೆಬೇರೆ ಕೈಗಳಿಂದ ಬರುತ್ತದೆ, ಯಾವುದು ಯಾರ ಕೈಯಿಂದ ಎಂದು ಗೊತ್ತಿರಬೇಕಾದವರು ಪೋಷಕರೇ.

ಯಾರ ಶಾಲೆ?

ಗ್ರೇಟರ್ ಲಂಡನ್ ಎಂದರೆ 32 ಬರೋಗಳು ಮತ್ತು ಸಿಟಿ ಆಫ್ ಲಂಡನ್ ಎಂಬ ಹಳೆಯ ಪೇಟೆ. ಪ್ರತಿ ಬರೋಗೂ ಚುನಾಯಿತ ಕೌನ್ಸಿಲ್ ಇದೆ, ಶಾಲಾ ಶಿಕ್ಷಣದ ಹೊಣೆಯೂ ಅದರದೇ. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಇರುವ ಲ್ಯಾಂಬೆತ್ ಇಂಥದೊಂದು ಬರೋ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ 2010–11ರಲ್ಲಿ ಅಲ್ಲಿ ಮೇಯರ್ ಆಗಿದ್ದರು.

ಆದರೆ ಬರೋ ಒಳಗಿನ ಎಲ್ಲ ಸರ್ಕಾರಿ ಶಾಲೆಗಳೂ ಕೌನ್ಸಿಲ್ಲಿನ ಮಾತು ಕೇಳುವುದಿಲ್ಲ. ಕೆಲವು ನೇರವಾಗಿ ಕೌನ್ಸಿಲ್ಲಿನವು. ಕೆಲವು ಚರ್ಚುಗಳು ಸ್ಥಾಪಿಸಿದವು, ಖರ್ಚು ಸರ್ಕಾರದ್ದು. ಇನ್ನು ಕೆಲವು ಅಕಾಡೆಮಿಗಳು: ಟ್ರಸ್ಟ್ ನಡೆಸುತ್ತದೆ, ಹಣ ಕೇಂದ್ರ ಸರ್ಕಾರದಿಂದ ಬರುತ್ತದೆ. 2010ರ ಅಕಾಡೆಮಿ ಕಾಯ್ದೆಯ ನಂತರ ಇವುಗಳ ಸಂಖ್ಯೆ ವೇಗವಾಗಿ ಏರಿತು. ಮೂರರಲ್ಲೂ ಶುಲ್ಕವಿಲ್ಲ, ಮೂರರ ಸಮವಸ್ತ್ರವೂ ಹೆಚ್ಚುಕಡಿಮೆ ಒಂದೇ ಬಗೆ. ವ್ಯತ್ಯಾಸ ಗೊತ್ತಾಗುವುದು ದೂರು ಕೊಡಲು ಹೊರಟಾಗ. ಅಕಾಡೆಮಿಯ ಮೇಲಿನ ದೂರನ್ನು ಕೌನ್ಸಿಲ್ ಕಚೇರಿಗೆ ಕೊಂಡೊಯ್ದರೆ ‘ಟ್ರಸ್ಟನ್ನು ಕೇಳಿ’ ಎಂಬ ಉತ್ತರ ಬರುತ್ತದೆ.

ಮನೆಮನೆಗೆ ಬರುತ್ತಿದ್ದ ವಿಸಿಟರ್

ಒಂದು ಕಾಲಕ್ಕೆ ಊರಿಗೆಲ್ಲ ಒಂದೇ ಮಂಡಳಿ ಇತ್ತು. 1870ರ ಪ್ರಾಥಮಿಕ ಶಿಕ್ಷಣ ಕಾಯ್ದೆಯಿಂದ ಹುಟ್ಟಿದ ಲಂಡನ್ ಸ್ಕೂಲ್ ಬೋರ್ಡಿಗೆ ಅದೇ ವರ್ಷ ನವೆಂಬರ್‌ನಲ್ಲಿ ಚುನಾವಣೆ ನಡೆಯಿತು. ಪಾರ್ಲಿಮೆಂಟಿಗೆ ಹೆಂಗಸರು ಮತ ಹಾಕುವಂತಿರದ ಆ ದಿನಗಳಲ್ಲಿ ಶಾಲಾ ಮಂಡಳಿಗೆ ತೆರಿಗೆ ಕಟ್ಟುವ ಹೆಂಗಸರು ಮತ ಹಾಕಬಹುದಿತ್ತು, ಸ್ಪರ್ಧಿಸಲೂಬಹುದಿತ್ತು. ಮ್ಯಾರಿಲ್‌ಬೋನಿನಿಂದ ನಿಂತ ವೈದ್ಯೆ ಎಲಿಜಬೆತ್ ಗ್ಯಾರೆಟ್ ಇಡೀ ಲಂಡನ್ನಿನಲ್ಲೇ ಅತಿ ಹೆಚ್ಚು ಮತ ಪಡೆದು ಗೆದ್ದರು.

ಮರುವರ್ಷ ಮಂಡಳಿ ಶಾಲೆಗೆ ಬರುವುದನ್ನು ಕಡ್ಡಾಯ ಮಾಡಿತು. ಅದನ್ನು ಜಾರಿಗೆ ತರಲು ‘ವಿಸಿಟರ್’ಗಳನ್ನು ನೇಮಿಸಿತು. ಅವರು ತಮ್ಮ ಪಾಲಿನ ಬೀದಿಗಳಲ್ಲಿ ಮನೆಮನೆಗೂ ಹೋಗಿ ಮಕ್ಕಳ ಹೆಸರು, ವಯಸ್ಸು, ಅಪ್ಪನ ಕಸುಬು ಬರೆದುಕೊಳ್ಳುತ್ತಿದ್ದರು. ಬಾರದ ಮಗುವಿನ ಮನೆಗೆ ಮತ್ತೆ ಹೋಗಿ ಕಾರಣ ಕೇಳುತ್ತಿದ್ದರು. ಓದಲು ಬಾರದ ತಂದೆತಾಯಿಗೆ ಶಾಲೆಯ ಕಾನೂನು ತಿಳಿಯುತ್ತಿದ್ದುದು ಇವರ ಬಾಯಿಂದಲೇ. ಇವರ ಪುಸ್ತಕಗಳಲ್ಲಿ ಎಷ್ಟು ಮಾಹಿತಿ ತುಂಬಿತ್ತೆಂದರೆ, ಚಾರ್ಲ್ಸ್ ಬೂತ್ 1886ರಲ್ಲಿ ಲಂಡನ್ನಿನ ಬಡತನದ ಸಮೀಕ್ಷೆಗೆ ಇಳಿದಾಗ ಈ ವಿಸಿಟರ್‌ಗಳನ್ನು ಕೂರಿಸಿಕೊಂಡು ಬೀದಿಬೀದಿಯ ವಿವರ ಬರೆಸಿಕೊಂಡ. ಬೀದಿಗೊಂದು ಬಣ್ಣ ಬಳಿದ ಅವನ ಪ್ರಸಿದ್ಧ ನಕ್ಷೆಗಳ ಹಿಂದೆ ಇರುವುದು ಶಾಲಾ ಹಾಜರಿಯ ಲೆಕ್ಕ. ಮನೆಯ ಸುದ್ದಿ ಶಾಲೆಗೆ ಹೋಗಲು ಇಷ್ಟೆಲ್ಲ ಏರ್ಪಾಡಿತ್ತು. ಶಾಲೆಯ ಸುದ್ದಿ ಮನೆಗೆ ಬರಲು ಇನ್ನೂ ನೂರು ವರ್ಷ ಬೇಕಾಯಿತು.

ವಿಲಿಯಂ ಟಿಂಡೇಲ್ ಶಾಲೆಯ ಗಲಾಟೆ

ಬೋರ್ಡು 1904ರಲ್ಲಿ ಹೋಗಿ ಹೊಣೆ ಲಂಡನ್ ಕೌಂಟಿ ಕೌನ್ಸಿಲ್ಲಿಗೆ ಬಂತು. 1965ರಲ್ಲಿ ನಗರದ ಒಳಭಾಗದ ಶಾಲೆಗಳು ಇಲಿಯಾ ಎಂದು ಕರೆಯುವ ಇನ್ನರ್ ಲಂಡನ್ ಎಜುಕೇಶನ್ ಅಥಾರಿಟಿಯ ಕೈಸೇರಿದವು. ಕಲಿಸುವುದು ಮೇಷ್ಟರ ಕೆಲಸ, ಕಳಿಸುವುದು ತಾಯಿಯ ಕೆಲಸ ಎಂಬುದು ಆಗಿನ ರೂಢಿ. ಪ್ರಾಥಮಿಕ ಶಾಲೆಗಳ ಬಗೆಗಿನ 1967ರ ಪ್ಲೌಡನ್ ವರದಿ ಪೋಷಕರನ್ನು ಒಳಗೆ ಕರೆಯಿರಿ, ತರಗತಿ ತೋರಿಸಿ, ಮಗುವಿನ ಪ್ರಗತಿಯನ್ನು ಬರೆದು ತಿಳಿಸಿ ಎಂದು ಬುದ್ಧಿ ಹೇಳಿತು. ಬುದ್ಧಿಮಾತು ಬುದ್ಧಿಮಾತಾಗಿಯೇ ಉಳಿಯಿತು.

ಇಸ್ಲಿಂಗ್ಟನ್ನಿನ ವಿಲಿಯಂ ಟಿಂಡೇಲ್ ಜೂನಿಯರ್ ಶಾಲೆಗೆ 1974ರ ಜನವರಿಯಲ್ಲಿ ಹೊಸ ಮುಖ್ಯೋಪಾಧ್ಯಾಯರು ಬಂದರು. ಅವರೂ ಕೆಲವು ಶಿಕ್ಷಕರೂ ಸೇರಿ ಪಾಠದ ಕ್ರಮವನ್ನೇ ಬದಲಿಸಿದರು. ಏನು ಕಲಿಯಬೇಕೆಂದು ಮಕ್ಕಳೇ ಆರಿಸಿಕೊಳ್ಳಲಿ, ಗದರಿಕೆ ಬೇಡ ಎಂಬುದು ಅವರ ನಿಲುವು. ಕೆಟ್ಟ ಉದ್ದೇಶವೇನೂ ಇರಲಿಲ್ಲ, ಬಡವರ ಮಕ್ಕಳ ಬಗೆಗಿನ ಕಳಕಳಿ ನಿಜವಾದದ್ದೇ. ಆದರೆ ಏನು ನಡೆಯುತ್ತಿದೆ, ಏಕೆ ಎಂದು ಮನೆಗಳಿಗೆ ಮನದಟ್ಟಾಗುವಂತೆ ಯಾರೂ ಹೇಳಲಿಲ್ಲ. ಮಗು ಓದು ಕಲಿಯುತ್ತಿಲ್ಲ ಎಂದು ತಾಯಂದಿರು ಕೇಳಿದರೆ, ಕಲಿಸುವ ಬಗೆ ನಮಗೆ ಗೊತ್ತು ಎಂಬ ಧಾಟಿ. ಸಭೆಗಳು ಜಗಳದಲ್ಲಿ ಮುಗಿದವು. ಪೋಷಕರು ಮಕ್ಕಳನ್ನು ಬಿಡಿಸಿ ಬೇರೆ ಶಾಲೆಗೆ ಸೇರಿಸತೊಡಗಿದರು. 1975ರ ಶರತ್ಕಾಲದಲ್ಲಿ ಶಿಕ್ಷಕರು ತಪಾಸಣೆ ವಿರೋಧಿಸಿ ಮುಷ್ಕರ ಹೂಡಿದರು. ಸುದ್ದಿ ರಾಷ್ಟ್ರೀಯ ಪತ್ರಿಕೆಗಳ ಮುಖಪುಟಕ್ಕೆ ಏರಿತು.

ವಕೀಲ ರಾಬಿನ್ ಆಲ್ಡ್ ನಡೆಸಿದ ಸಾರ್ವಜನಿಕ ವಿಚಾರಣೆಯ ವರದಿ 1976ರ ಜುಲೈನಲ್ಲಿ ಬಂತು. ಶಿಕ್ಷಕರ ಮೇಲಷ್ಟೇ ಅಲ್ಲ, ಇಲಿಯಾ ಮೇಲೂ ಅದು ತಪ್ಪು ಹೊರಿಸಿತು. ಮರುವರ್ಷ ಬಂದ ಟೇಲರ್ ಸಮಿತಿಯ ವರದಿ ಪ್ರತಿ ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರಿಗೆ ಕಾಲು ಪಾಲು ಕೊಡಿ ಎಂದಿತು. ಈ ಒಂದು ಶಾಲೆಯಿಂದಲೇ ಇಂಗ್ಲೆಂಡಿನ ಶಿಕ್ಷಣ ಬದಲಾಯಿತೆಂದು ಹೇಳುವುದು ಅತಿ. ಆದರೂ ಪೋಷಕರಿಗೆ ತಿಳಿಸುವುದು ಸೌಜನ್ಯವಲ್ಲ, ಕರ್ತವ್ಯ ಎಂಬ ವಾದಕ್ಕೆ ಇಷ್ಟು ಕಣ್ಣಿಗೆ ಹೊಡೆಯುವ ಸಾಕ್ಷಿ ಬೇರೆ ಇರಲಿಲ್ಲ.

ಕಾನೂನು ಏನು ಕೊಟ್ಟಿತು

1980ರ ಶಿಕ್ಷಣ ಕಾಯ್ದೆ ಆಡಳಿತ ಮಂಡಳಿಗಳಲ್ಲಿ ಪೋಷಕರಿಗೆ ಕಡ್ಡಾಯ ಸ್ಥಾನ ಕೊಟ್ಟಿತು, ಪರೀಕ್ಷಾ ಫಲಿತಾಂಶವೂ ಸೇರಿ ಶಾಲೆಯ ವಿವರ ಪ್ರಕಟಿಸಬೇಕೆಂದಿತು. 1986ರ ಕಾಯ್ದೆ ಇನ್ನೂ ಮುಂದೆ ಹೋಗಿ ವರ್ಷಕ್ಕೊಂದು ಪೋಷಕರ ಮಹಾಸಭೆ ಕಡ್ಡಾಯ ಮಾಡಿತು. ಶಾಲೆಯ ಮಕ್ಕಳ ಸಂಖ್ಯೆಯ ಶೇ. 20ರಷ್ಟು ಪೋಷಕರು ಸೇರಿದರೆ ಅಲ್ಲಿ ಠರಾವನ್ನೂ ಪಾಸು ಮಾಡಬಹುದಿತ್ತು. ಸೇರಿದ್ದು ಬಹುತೇಕ ಕಡೆ ಬೆರಳೆಣಿಕೆಯ ಜನ. ಕೊನೆಗೆ 2005ರಲ್ಲಿ ಈ ಸಭೆಯನ್ನೇ ಕೈಬಿಟ್ಟರು. ಚಳಿಗಾಲದ ಸಂಜೆ ಏಳು ಗಂಟೆಗೆ ಹಾಲ್‌ನಲ್ಲಿ ಕೂತು ಬಜೆಟ್ ಕೇಳುವ ಉತ್ಸಾಹ ಯಾವ ದೇಶದ ತಂದೆತಾಯಿಗೂ ಇರಲಾರದು.

1990ರಲ್ಲಿ ಇಲಿಯಾ ರದ್ದಾಗಿ ಒಳ ಲಂಡನ್ನಿನ ಶಾಲೆಗಳು ಬರೋಗಳ ಪಾಲಾದವು. 1992ರಲ್ಲಿ ತಪಾಸಣೆಗೆಂದು ಆಫ್‌ಸ್ಟೆಡ್ ಹುಟ್ಟಿತು, ಅದೇ ವರ್ಷ ಸೆಕೆಂಡರಿ ಶಾಲೆಗಳ ಫಲಿತಾಂಶಗಳ ಪಟ್ಟಿಯೂ ಪ್ರಕಟವಾಯಿತು. ಆಫ್‌ಸ್ಟೆಡ್ ಬಹುಕಾಲ ‘ಔಟ್‌ಸ್ಟ್ಯಾಂಡಿಂಗ್’, ‘ಗುಡ್’ ಎಂಬ ಒಂದೇ ಮಾತಿನಲ್ಲಿ ಇಡೀ ಶಾಲೆಯನ್ನು ತೂಗುತ್ತಿತ್ತು. ಮನೆ ಬಾಡಿಗೆಯ ಜಾಹೀರಾತಿನಲ್ಲೂ ಆ ಮಾತು ಕಾಣಿಸುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಅದನ್ನು ಕೈಬಿಟ್ಟರು. 2025ರ ನವೆಂಬರ್‌ನಿಂದ ಬೋಧನೆ, ಹಾಜರಿ, ನಡವಳಿಕೆ ಎಂದು ಬೇರೆಬೇರೆ ಅಂಶಗಳಿಗೆ ಐದು ಹಂತದ ಅಳತೆಯ ರಿಪೋರ್ಟ್ ಕಾರ್ಡ್ ಬಂದಿದೆ.

ಈಗ ಪ್ರತಿ ಮಗುವಿಗೂ ವರ್ಷಕ್ಕೊಂದು ಲಿಖಿತ ವರದಿ ಬರಲೇಬೇಕು. ತಂದೆತಾಯಿ ಬೇರೆಯಾಗಿದ್ದರೆ, ನ್ಯಾಯಾಲಯ ಬೇಡ ಎನ್ನದ ಹೊರತು, ಇಬ್ಬರಿಗೂ ಮಾಹಿತಿ ಕೊಡಬೇಕು. ಕೌನ್ಸಿಲ್ ಶಾಲೆಯಾದರೆ ಮಗುವಿನ ಶಾಲಾ ದಾಖಲೆಯನ್ನು ಲಿಖಿತವಾಗಿ ಕೇಳಿದ 15 ಶಾಲಾ ದಿನಗಳೊಳಗೆ ತೋರಿಸಬೇಕು. ಅಕಾಡೆಮಿಗಳಲ್ಲಿ ಪೋಷಕರಿಗೆ ಈ ಹಕ್ಕು ಇದೇ ರೂಪದಲ್ಲಿ ಇಲ್ಲ. ಒಂದೇ ಬೀದಿಯ ಎರಡು ಮಕ್ಕಳಿಗೆ ಎರಡು ನ್ಯಾಯವೇಕೆ ಎಂದರೆ ಸಮಾಧಾನದ ಉತ್ತರ ಸಿಗುವುದಿಲ್ಲ.

ಬ್ಯಾಗಿನ ಚೀಟಿ, ಫೋನಿನ ಆ್ಯಪ್

ದಿನದ ಸುದ್ದಿಗೆ ಮಾತ್ರ ಬರವಿಲ್ಲ. ಚಿಕ್ಕ ತರಗತಿಯ ಮಗುವಿನ ಬುಕ್ ಬ್ಯಾಗ್ ಬಿಚ್ಚಿದರೆ ಓದಿನ ಪುಸ್ತಕ, ಜೊತೆಗೆ ‘ರೀಡಿಂಗ್ ರೆಕಾರ್ಡ್’ ಎಂಬ ಪುಟ್ಟ ಡೈರಿ. ರಾತ್ರಿ ಯಾವ ಪುಟದವರೆಗೆ ಓದಿಸಿದಿರಿ ಎಂದು ಬರೆದು ಮನೆಯವರು ಸಹಿ ಹಾಕಬೇಕು. ಆಟದಲ್ಲಿ ತಲೆಗೆ ಪೆಟ್ಟು ಬಿದ್ದಿದ್ದರೆ ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡಿದೆವು ಎಂಬ ಚೀಟಿ. ಉಳಿದದ್ದೆಲ್ಲ ಫೋನಿಗೆ: ಹಣ ಕಟ್ಟಲು ಪೇರೆಂಟ್‌ಪೇ, ಸಂದೇಶಕ್ಕೆ ಆರ್ಬರ್ ಅಥವಾ ಕ್ಲಾಸ್‌ಡೋಜೊ, ಶುಕ್ರವಾರಕ್ಕೊಂದು ನ್ಯೂಸ್‌ಲೆಟರ್. ವರ್ಷಕ್ಕೆ ಐದು ‘ಇನ್‌ಸೆಟ್’ ದಿನಗಳಲ್ಲಿ ಶಿಕ್ಷಕರಿಗೆ ತರಬೇತಿ, ಮಕ್ಕಳಿಗೆ ರಜೆ. ಅದನ್ನು ನೋಡದೆ ಮಗುವನ್ನು ಗೇಟಿನವರೆಗೆ ಎಳೆದೊಯ್ದ ಮನೆಗಳು ಕಡಿಮೆಯಿಲ್ಲ. ಇಷ್ಟಾದರೂ ನಾಳೆ ಯಾವ ಬಣ್ಣದ ಅಂಗಿ ಎಂದು ಕೊನೆಗೆ ಗೊತ್ತಾಗುವುದು ತರಗತಿಯ ತಾಯಂದಿರ ವಾಟ್ಸ್ಆ್ಯಪ್ ಗುಂಪಿನಲ್ಲೇ.

ವಾರ್ಷಿಕ ವರದಿ ನಮ್ಮವರನ್ನು ಕಂಗೆಡಿಸುವುದುಂಟು. ಅದರಲ್ಲಿ ರ್‍ಯಾಂಕ್ ಇಲ್ಲ, ಪರ್ಸೆಂಟೇಜ್ ಇಲ್ಲ. ಮಗು ಆಯಾ ವಯಸ್ಸಿಗೆ ನಿರೀಕ್ಷಿಸುವ ಮಟ್ಟದಲ್ಲಿದೆಯೇ, ಕೆಳಗೋ, ಮೇಲೋ ಎಂದಷ್ಟೇ ಇರುತ್ತದೆ. ಅಂಕಿಗಾಗಿ ಹುಡುಕುವವರಿಗೆ ಸಿಗುವುದು ಕೆಲವೇ ಕಡೆ: ಮೊದಲ ವರ್ಷದಲ್ಲಿ ಅಕ್ಷರ ಕೂಡಿಸಿ ಓದುವ ಫೋನಿಕ್ಸ್ ಪರೀಕ್ಷೆ 40ಕ್ಕೆ, ನಾಲ್ಕನೇ ವರ್ಷದ ಮಗ್ಗಿಯ ಪರೀಕ್ಷೆ 25ಕ್ಕೆ, ಆರನೇ ವರ್ಷದ ಸ್ಯಾಟ್ಸ್‌ನಲ್ಲಿ 80ರಿಂದ 120ರವರೆಗಿನ ಅಂಕ. ಅಲ್ಲಿ 100 ಬಂದರೆ ನಿರೀಕ್ಷಿತ ಮಟ್ಟ ಮುಟ್ಟಿದಂತೆ. ನೂರಕ್ಕೆ ನೂರು ಎಂದು ಊರಿಗೆ ಫೋನ್ ಮಾಡಿದ ಅಪ್ಪಂದಿರೂ ಇದ್ದಾರಂತೆ.

ಆರು ಶಾಲೆಗಳ ಪಟ್ಟಿ

ದಾಖಲಾತಿಯ ವಿಷಯದಲ್ಲಿ 33 ಆಡಳಿತಗಳೂ ಒಂದಾಗಿವೆ. ಲಂಡನ್ನಿನಲ್ಲಿ ಎಲ್ಲಿದ್ದರೂ ಅರ್ಜಿ ಮನೆಯಿರುವ ಬರೋಗೆ, ಶಾಲೆ ಪಕ್ಕದ ಬರೋದಲ್ಲಿದ್ದರೂ. ಆರು ಶಾಲೆಗಳವರೆಗೆ ಬರೆಯಬಹುದು. ಸೆಕೆಂಡರಿಗೆ ಅಕ್ಟೋಬರ್ 31 ಕೊನೆ, ಮಾರ್ಚ್ 1ಕ್ಕೆ ಫಲಿತಾಂಶ. ಪ್ರೈಮರಿಗೆ ಜನವರಿ 15 ಮತ್ತು ಏಪ್ರಿಲ್ 16. ಬರೋ ಗಡಿ ಅಡ್ಡಿಯಾಗದಿರುವುದಕ್ಕೆ ಕಾರಣ 1989ರ ಗ್ರಿನಿಚ್ ತೀರ್ಪು. ತಮ್ಮ ಬರೋದವರಿಗೇ ಮೊದಲು ಎಂದು ಗ್ರಿನಿಚ್ ಕೌನ್ಸಿಲ್ ಹೊರಟಾಗ ಪಕ್ಕದ ಲೂಯಿಶಮ್ಮಿನ ಜಾನ್ ಬಾಲ್ ಶಾಲೆಯ ಕಡೆಯವರು ಕೋರ್ಟಿಗೆ ಹೋಗಿ ಗೆದ್ದರು.

ಮೊದಲ ಹೆಸರಾಗಿ ಬರೆದರೆ ಆ ಶಾಲೆ ಮೆಚ್ಚಿ ಸೀಟು ಕೊಡುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ. ನೀವು ಎಷ್ಟನೆಯದಾಗಿ ಬರೆದಿರಿ ಎಂಬುದನ್ನು ನೋಡಿ ಶಾಲೆ ಸೀಟು ಹಂಚುವಂತಿಲ್ಲ. ಹಲವು ಕಡೆ ಅರ್ಹತೆ ಬಂದರೆ ಪಟ್ಟಿಯಲ್ಲಿ ಮೇಲಿರುವುದು ಸಿಗುತ್ತದೆ, ಅಷ್ಟೇ. ಓದಬೇಕಾದದ್ದು ಬರೋ ಪ್ರಕಟಿಸುವ ಕೈಪಿಡಿಯಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಸಂಖ್ಯೆ: ಹಿಂದಿನ ವರ್ಷ ಕೊನೆಯ ಸೀಟು ಶಾಲೆಯಿಂದ ಎಷ್ಟು ದೂರದ ಮನೆಗೆ ಹೋಯಿತು ಎಂಬುದು.

ಗೇಟಿಗೆ ಅಂಟಿಸಿದ ನೋಟಿಸು

ಅಂಗಿಯ ಬಣ್ಣದ ಸುದ್ದಿ ತಾನಾಗಿ ಫೋನಿಗೆ ಬರುತ್ತದೆ. ಶಾಲೆಯ ಭವಿಷ್ಯದ ಸುದ್ದಿಯನ್ನು ಕೌನ್ಸಿಲ್ಲಿನ ಕಡತಗಳಲ್ಲಿ ಹುಡುಕಿಕೊಂಡು ಹೋಗಬೇಕು. ಒಳ ಲಂಡನ್ನಿನಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ: ಜನನ ಕಡಿಮೆ, ಬಾಡಿಗೆ ದುಬಾರಿ, ಬ್ರೆಕ್ಸಿಟ್ ನಂತರ ಯುರೋಪಿನ ಹಲವು ಕುಟುಂಬಗಳು ಹೋಗಿಬಿಟ್ಟವು. ಶಾಲೆಗೆ ಹಣ ಬರುವುದು ಬಹುಪಾಲು ಮಕ್ಕಳ ತಲೆ ಎಣಿಸಿ. 30 ಜನರ ತರಗತಿಯಲ್ಲಿ 15 ಮಕ್ಕಳಿದ್ದರೂ ಮೇಷ್ಟರ ಸಂಬಳ ಅಷ್ಟೇ.

ಹ್ಯಾಕ್ನಿ ಬರೋದಲ್ಲಿ 2023ರ ಬೇಸಗೆಯಲ್ಲಿ ಶಾಲೆಗಳನ್ನು ಮುಚ್ಚುವ, ವಿಲೀನ ಮಾಡುವ ಕುರಿತು ಸಮಾಲೋಚನೆ ನಡೆಯಿತು, ಶರತ್ಕಾಲದಲ್ಲಿ ಶಾಸನಬದ್ಧ ನೋಟಿಸು ಬಂತು, ಡಿಸೆಂಬರ್‌ನಲ್ಲಿ ಕೌನ್ಸಿಲ್ ತೀರ್ಮಾನಿಸಿತು. ಡಿ ಬೊವಾರ್ ಮತ್ತು ರ್‍ಯಾಂಡಲ್ ಕ್ರೀಮರ್ ಶಾಲೆಗಳು 2024ರ ಬೇಸಗೆಯ ಕೊನೆಗೆ ಮುಚ್ಚಿದವು. ಕೋಲ್ವಸ್ಟೋನ್ ಪ್ರಿನ್ಸೆಸ್ ಮೇ ಶಾಲೆಯೊಂದಿಗೆ, ಬೇಡನ್ ಪೊವೆಲ್ ನೈಟಿಂಗೇಲ್ ಶಾಲೆಯೊಂದಿಗೆ ವಿಲೀನವಾದವು. ಡಾಲ್ಸ್ಟನ್ನಿನ ಕೋಲ್ವಸ್ಟೋನ್ 1862ರ ಕಟ್ಟಡದ ಶಾಲೆ, ಅಲ್ಲಿನ ಪೋಷಕರು ಕೊನೆಯವರೆಗೂ ಹೋರಾಡಿದರು.

ನೋಟಿಸು ಹೊರಬಿದ್ದ ಮೇಲೆ ಆಕ್ಷೇಪ ಸಲ್ಲಿಸಲು ನಾಲ್ಕು ವಾರ. ವೆಬ್‌ಸೈಟಿನಲ್ಲಿ, ಸ್ಥಳೀಯ ಪತ್ರಿಕೆಯಲ್ಲಿ, ಶಾಲೆಯ ಬಾಗಿಲಲ್ಲಿ ಅದು ಪ್ರಕಟವಾಗುತ್ತದೆ. ಕಾನೂನಿನ ಲೆಕ್ಕದಲ್ಲಿ ತಿಳಿಸಿದಂತಾಯಿತು. ಆದರೆ ಅಷ್ಟು ಹೊತ್ತಿಗೆ ಅಂಕಿಅಂಶಗಳೂ ಪರ್ಯಾಯಗಳೂ ಅಧಿಕಾರಿಗಳ ವರದಿಗಳಲ್ಲಿ ಕೂತಾಗಿರುತ್ತವೆ. ಮುಂಚೆಯೇ ಸುಳಿವು ಬೇಕಿದ್ದರೆ ಶಾಲೆಯ ಆಡಳಿತ ಮಂಡಳಿಯ ನಡಾವಳಿ ಓದಬೇಕು. ಕೌನ್ಸಿಲ್ ಶಾಲೆಗಳು ಗೋಪ್ಯ ಭಾಗ ಬಿಟ್ಟು ಉಳಿದದ್ದನ್ನು ಕೇಳಿದವರಿಗೆ ತೋರಿಸಲೇಬೇಕು. ಕೇಳುವವರು ಮಾತ್ರ ಅಪರೂಪ.

ಊರಿಗೆ ಹೋಗುವ ಮುನ್ನ

ಬಹಳಷ್ಟು ಕನ್ನಡ ಮನೆಗಳಿಗೆ ಶಾಲೆಯ ನಿಯಮ ಬಿಸಿ ಮುಟ್ಟಿಸುವುದು ಟಿಕೆಟ್ ತೆಗೆಯುವಾಗ. ತಂಗಿಯ ಮದುವೆ ನವೆಂಬರ್‌ನಲ್ಲಿ, ಶಾಲೆಗೆ ರಜೆ ಡಿಸೆಂಬರ್ ಕೊನೆಗೆ. ಹಬ್ಬದ ದಿನಕ್ಕೆ ಧಾರ್ಮಿಕ ಆಚರಣೆಯ ರಜೆ ಕೇಳಿ ಪಡೆಯಬಹುದು. ಎರಡು ವಾರದ ಪ್ರಯಾಣಕ್ಕೆ ಮುಖ್ಯೋಪಾಧ್ಯಾಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. 2024ರ ಆಗಸ್ಟ್‌ನಿಂದ ಇಂಗ್ಲೆಂಡಿಗೆಲ್ಲ ಒಂದೇ ನಿಯಮ: ಹತ್ತು ಶಾಲಾ ವಾರಗಳೊಳಗೆ ಐದು ದಿನಕ್ಕೆ ಸಮನಾದ ಅನುಮತಿಯಿಲ್ಲದ ಗೈರುಹಾಜರಿಯಾದರೆ ದಂಡ ವಿಧಿಸುವ ವಿಚಾರ ಬರುತ್ತದೆ. 21 ದಿನಗಳೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160. ಅದು ಕುಟುಂಬಕ್ಕೊಂದಲ್ಲ. ಅಪ್ಪನಿಗೊಂದು, ಅಮ್ಮನಿಗೊಂದು, ಅದೂ ಮಗುವಿಗೊಂದರಂತೆ. ಎರಡು ಮಕ್ಕಳ ಮನೆಗೆ ಬೇಗ ಕಟ್ಟಿದರೂ 320 ಪೌಂಡ್. ಮೂರು ವರ್ಷಗಳೊಳಗೆ ಅದೇ ಮಗುವಿಗೆ ಮತ್ತೆ ಹಾಗಾದರೆ ರಿಯಾಯಿತಿಯಿಲ್ಲದೆ 160. ಮೂರನೆಯ ಸಲಕ್ಕೆ ದಂಡದ ನೋಟಿಸೇ ಬರುವುದಿಲ್ಲ, ಕೌನ್ಸಿಲ್ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು.