ಕಾರ್ಪಸ್: ಒಡಲಿನಿಂದ ಸಾಕ್ಷಿಯವರೆಗೆ

ಕನ್ನಡ ಪತ್ರಿಕೆ ಓದುವವರಿಗೆ ‘ಕಾರ್ಪಸ್’ ಹೊಸ ಪದವೇನಲ್ಲ. ಯಾರನ್ನೋ ಅಕ್ರಮವಾಗಿ ಕೂಡಿಹಾಕಿದ್ದಾರೆಂದು ಹೈಕೋರ್ಟಿಗೆ ಹಾಕುವ ಅರ್ಜಿ ಹೇಬಿಯಸ್ ಕಾರ್ಪಸ್. ಟ್ರಸ್ಟುಗಳು ಬಡ್ಡಿಯನ್ನಷ್ಟೇ ಖರ್ಚುಮಾಡಿ, ಅಸಲು ಮುಟ್ಟದೆ ಇಡುವ ಇಡುಗಂಟು ಕಾರ್ಪಸ್ ಫಂಡ್. ಇದೇ ಪದ ಇನ್ನೊಂದು ಕಡೆಯೂ ದುಡಿಯುತ್ತಿದೆ. ವೈದ್ಯರು, ಎಂಜಿನಿಯರುಗಳು, ವಕೀಲರು, ಸಂಶೋಧಕರು ತಂತಮ್ಮ ಕೆಲಸಕ್ಕೆ ಬೇಕಾದ ಇಂಗ್ಲಿಷನ್ನು ಹೇಗೆ ಕಲಿಯಬೇಕು ಎಂಬ ಅಧ್ಯಯನದಲ್ಲಿ ಇಂದು ಈ ಪದವಿಲ್ಲದೆ ಮಾತೇ ಹೊರಡುವುದಿಲ್ಲ. ಅಲ್ಲಿ ಕಾರ್ಪಸ್ ಎಂದರೆ, ಜನ ನಿಜವಾಗಿ ಬರೆದ, ನಿಜವಾಗಿ ಆಡಿದ ಮಾತುಗಳನ್ನು ಒಂದು ಗೊತ್ತಾದ ಉದ್ದೇಶಕ್ಕಾಗಿ ಆಯ್ದು ಕಂಪ್ಯೂಟರಿನಲ್ಲಿ ಕೂಡಿಟ್ಟ ರಾಶಿ.

ಲ್ಯಾಟಿನ್ನಿನಲ್ಲಿ ಕಾರ್ಪಸ್ ಎಂದರೆ ಮೈ, ಒಡಲು. ಉಸಿರಿದ್ದ ಮೈಯೂ ಹೌದು, ಉಸಿರು ಹೋದದ್ದೂ ಹೌದು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಒಂದು ಕವಲು ‘ಕಾರ್ಪ್ಸ್’ ಎಂದಾಗಿ ಹೆಣಕ್ಕೇ ಮೀಸಲಾಯಿತು. ಇನ್ನೊಂದು ಕವಲು ‘ಕೋರ್’ ಎಂಬ ಉಚ್ಚಾರದೊಡನೆ ಸೇನೆಯ ದಳವಾಯಿತು. ನಮ್ಮ ಎನ್‌ಸಿಸಿಯ ಕೊನೆಯ ಅಕ್ಷರ ಅದೇ. ಊರಿನ ಕಸ, ನೀರು, ಬೀದಿದೀಪ ನೋಡಿಕೊಳ್ಳುವ ಕಾರ್ಪೊರೇಷನ್ ಕೂಡ ಆ ಮನೆತನದ್ದೇ. ಹಲವರು ಸೇರಿದ್ದರೂ ಕಾನೂನಿನ ಕಣ್ಣಿಗೆ ಅದು ಒಂದೇ ಮೈ. ವೇದದ ಸಂಸ್ಕೃತದಲ್ಲಿ ರೂಪ, ಚೆಲುವು ಎಂಬರ್ಥದ ‘ಕೃಪ್’ ಎಂಬ ಪದವನ್ನು ಭಾಷಾಶಾಸ್ತ್ರಜ್ಞರು ಇದರ ದೂರದ ದಾಯಾದಿ ಎಂದು ಗುರುತಿಸುತ್ತಾರೆ.

ಮೈಯನ್ನು ಹೇಳುತ್ತಿದ್ದ ಪದ ರಾಶಿಯನ್ನು ಹೇಳತೊಡಗಿದ್ದು ನಮಗೆ ವಿಚಿತ್ರವಾಗಿ ಕಾಣಬೇಕಿಲ್ಲ. ನಮ್ಮ ‘ಕಾಯ’ದ ಬುಡದಲ್ಲಿರುವುದೂ ಕೂಡಿಸು, ಒಟ್ಟು ಎಂಬರ್ಥದ ‘ಚಿ’ ಧಾತುವೇ ಎಂದು ಪಾಣಿನಿ ಸೂತ್ರ ಬರೆದಿಟ್ಟಿದ್ದಾನೆ. ಅದೇ ಧಾತುವಿನಿಂದ ‘ನಿಕಾಯ’ ಬಂತು. ಬುದ್ಧನ ಉಪದೇಶಗಳ ಸಂಗ್ರಹಕ್ಕೆ ಪಾಳಿಯಲ್ಲಿ ಅದೇ ಹೆಸರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಲವು ವಿಭಾಗಗಳ ಗುಂಪಿಗೂ ಅದೇ ಹೆಸರು. ಲ್ಯಾಟಿನ್ ಮೈಯಿಂದ ರಾಶಿಗೆ ನಡೆದರೆ ಸಂಸ್ಕೃತ ರಾಶಿಯಿಂದ ಮೈಗೆ ನಡೆಯಿತು.

ಗ್ರಂಥರಾಶಿಯಾಗಿ ಕಾರ್ಪಸ್ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಕಾನೂನಿನಲ್ಲಿ. ಚಕ್ರವರ್ತಿ ಜಸ್ಟಿನಿಯನ್ ಆರನೆಯ ಶತಮಾನದಲ್ಲಿ ಕೂಡಿಸಿದ ರೋಮನ್ ಕಾನೂನನ್ನು 1583ರಲ್ಲಿ ‘ಕಾರ್ಪಸ್ ಜೂರಿಸ್ ಸಿವಿಲಿಸ್’ ಎಂಬ ಹೆಸರಿನಲ್ಲಿ ಅಚ್ಚುಹಾಕಿದರು. ಆ ಕಾರ್ಪಸ್ ಆಜ್ಞೆಯ ಕಾರ್ಪಸ್. ಓದುವವನು ತಲೆಬಾಗಬೇಕು. ಹತ್ತೊಂಬತ್ತನೆಯ ಶತಮಾನದ ಶಾಸನತಜ್ಞರ ಕೈಯಲ್ಲಿ ಪದದ ಮನಸ್ಸೇ ಬದಲಾಯಿತು. 1853ರಲ್ಲಿ ಬರ್ಲಿನ್ನಿನಲ್ಲಿ ಮಾಮ್ಸೆನ್ ಮುಂದಾಳ್ತನದಲ್ಲಿ ಲ್ಯಾಟಿನ್ ಶಾಸನಗಳ ಕಾರ್ಪಸ್ ಶುರುವಾಯಿತು. 1877ರಲ್ಲಿ ಕನಿಂಗ್‌ಹ್ಯಾಮ್ ಭಾರತೀಯ ಶಾಸನಗಳ ಕಾರ್ಪಸ್ಸಿನ ಮೊದಲ ಸಂಪುಟವಾಗಿ ಅಶೋಕನ ಶಾಸನಗಳನ್ನು ತಂದರು. 1925ರಲ್ಲಿ ಹುಲ್ಟ್ಜ್ ಆ ಸಂಪುಟವನ್ನು ಹೊಸದಾಗಿ ಸಿದ್ಧಪಡಿಸಿದಾಗ ನಮ್ಮ ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರದ ಬಂಡೆಗಳೂ ಅದರೊಳಗೆ ಸೇರಿದ್ದವು. ಈ ಸಂಗ್ರಹದಲ್ಲಿ ತಪ್ಪು ಕಾಗುಣಿತವನ್ನು ತಿದ್ದುವ ಹಾಗಿಲ್ಲ, ಅಂದವಿಲ್ಲದ ಸಾಲನ್ನು ಬಿಡುವ ಹಾಗಿಲ್ಲ. ಸಿಕ್ಕಿದ್ದನ್ನು ಸಿಕ್ಕ ಹಾಗೆಯೇ ಮುಂದಿಡಬೇಕು. ಅಪ್ಪಣೆ ಕೊಡುತ್ತಿದ್ದ ಪದ ಸಾಕ್ಷಿ ಹೇಳತೊಡಗಿತು. ಭಾಷಾ ಅಧ್ಯಯನಕ್ಕೆ ಅದನ್ನು ತಂದುಕೊಟ್ಟದ್ದು ಈ ತಿರುವೇ ಎಂದು ನನಗನಿಸುತ್ತದೆ.

ಇಂಗ್ಲಿಷ್ ಪಾಠದಲ್ಲಿ ಬಹುಕಾಲ ನಡೆದದ್ದು ಮೊದಲ ಬಗೆಯ, ಆಜ್ಞೆಯ ಕಾರ್ಪಸ್. ಶ್ರೇಷ್ಠ ಲೇಖಕರು ಬರೆದದ್ದೇ ಪ್ರಮಾಣ. ಸಾಕ್ಷಿಯ ಕಾರ್ಪಸ್ ಬಂದದ್ದು ಆಮೇಲೆ. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಗದ್ಯದಿಂದ ಬ್ರೌನ್ ವಿಶ್ವವಿದ್ಯಾಲಯದ ನೆಲ್ಸನ್ ಫ್ರಾನ್ಸಿಸ್ ಮತ್ತು ಹೆನ್ರಿ ಕುಚೆರಾ ತಲಾ ಸುಮಾರು 2,000 ಪದಗಳ 500 ತುಣುಕುಗಳನ್ನು ಆಯ್ದು, 1964ರಲ್ಲಿ ಹತ್ತು ಲಕ್ಷ ಪದಗಳ ಕಾರ್ಪಸ್ ಸಿದ್ಧಮಾಡಿದರು. ಅದರಲ್ಲಿ ಪತ್ರಿಕೆಯ ವರದಿ, ಸರ್ಕಾರಿ ದಾಖಲೆ, ಪತ್ತೇದಾರಿ ಕಥೆ, ವಿಜ್ಞಾನ ಲೇಖನ ಎಲ್ಲ ಪಕ್ಕಪಕ್ಕದಲ್ಲಿವೆ. ಅದೇ ಅಚ್ಚಿನಲ್ಲಿ ಭಾರತೀಯ ಇಂಗ್ಲಿಷಿಗೂ ಒಂದು ಕಾರ್ಪಸ್ ಕಟ್ಟಿದವರು ಬೆಳಗಾವಿಯಿಂದ ದೂರವಿಲ್ಲದ ಕೊಲ್ಹಾಪುರದವರು. ಶಿವಾಜಿ ವಿಶ್ವವಿದ್ಯಾಲಯದ ಎಸ್.ವಿ. ಶಾಸ್ತ್ರಿ ಅವರ ನೇತೃತ್ವದಲ್ಲಿ ರೂಪುಗೊಂಡ ಆ ಸಂಗ್ರಹದಲ್ಲಿರುವುದು 1978ರ ಬರಹಗಳು. ಭಾರತೀಯರ ಇಂಗ್ಲಿಷನ್ನು ತಪ್ಪುಗಳ ಪಟ್ಟಿಯಾಗಿ ನೋಡದೆ ಪುರಾವೆಯಾಗಿ ಮುಂದಿಟ್ಟ ಆ ಕೆಲಸಕ್ಕೆ ನಮ್ಮಲ್ಲಿ ಸಲ್ಲಬೇಕಾದ ಗೌರವ ಸಂದಿಲ್ಲ.

ಉದ್ಯೋಗದ, ಉನ್ನತ ಓದಿನ ಇಂಗ್ಲಿಷಿನ ಅಧ್ಯಯನ ಶುರುವಾದದ್ದು ಕೈಲೆಕ್ಕದಲ್ಲಿ. 1962ರಲ್ಲಿ ಬಾರ್ಬರ್ ಎಂಬ ವಿದ್ವಾಂಸರು ವಿಜ್ಞಾನದ ಗದ್ಯವನ್ನು ಎಣಿಸಿ ನೋಡಿದಾಗ, ಶಾಲೆಯಲ್ಲಿ ಗಂಟೆಗಟ್ಟಲೆ ಕಲಿಸುವ ‘ಮಾಡುತ್ತಿದ್ದಾನೆ’ ಮಾದರಿಯ ಕ್ರಿಯಾರೂಪಗಳು ಅಲ್ಲಿ ತೀರ ವಿರಳವಾಗಿದ್ದವು. ಜಾನ್ ಸ್ವೇಲ್ಸ್ 1981ರಲ್ಲಿ 48 ಸಂಶೋಧನ ಲೇಖನಗಳ ಪೀಠಿಕೆಗಳನ್ನಷ್ಟೇ ಮುಂದಿಟ್ಟುಕೊಂಡು ಕೂತರು. ಅವರು ಪದ ಎಣಿಸಲಿಲ್ಲ, ನಡೆ ಎಣಿಸಿದರು. ಅದು ಬೆಳೆದು 1990ರ ಹೊತ್ತಿಗೆ ಮೂರು ಹೆಜ್ಜೆಗಳ ಮಾದರಿಯಾಯಿತು: ಈ ಕ್ಷೇತ್ರ ಮುಖ್ಯವಾದದ್ದು ಎನ್ನುವುದು, ಇಲ್ಲೊಂದು ಜಾಗ ಖಾಲಿ ಇದೆ ಎಂದು ತೋರಿಸುವುದು, ಆ ಜಾಗವನ್ನು ನಾನು ತುಂಬುತ್ತೇನೆ ಎನ್ನುವುದು. ಪಿಎಚ್.ಡಿ. ಪೀಠಿಕೆ ಬರೆಯಲು ಕೂತು ಕಂಗೆಟ್ಟವರಿಗೆ ಈ ಮೂರು ಹೆಜ್ಜೆ ಮಾಡಿದ ಉಪಕಾರ ಸಣ್ಣದಲ್ಲ.

2000ದಲ್ಲಿ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಸೇರಿಸಿ 35 ಲಕ್ಷ ಪದಗಳ ಕಾರ್ಪಸ್ಸಿನಿಂದ 570 ಪದಕುಟುಂಬಗಳ ಪಟ್ಟಿ ತೆಗೆದರು. ವಿದ್ವತ್ ಬರಹದ ಸುಮಾರು ಶೇ. 10ರಷ್ಟನ್ನು ಅದು ಹಿಡಿಯುತ್ತಿತ್ತು. ಜಗತ್ತಿನ ತರಗತಿಗಳೆಲ್ಲ ಆ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡವು. ಆದರೆ 2007ರಲ್ಲಿ ಕೆನ್ ಹೈಲ್ಯಾಂಡ್ ಮತ್ತು ಪಾಲಿ ತ್ಸೆ ಬೇರೆ ಕಾರ್ಪಸ್ ತಂದು ಒಂದು ಪ್ರಶ್ನೆ ಕೇಳಿದರು: ಎಲ್ಲ ಶಾಸ್ತ್ರಗಳಿಗೂ ಸಲ್ಲುವ ಒಂದೇ ಶಬ್ದಭಂಡಾರ ಇದೆಯೇ? ‘ವಾಲ್ಯೂಮ್’ ಒಬ್ಬರಿಗೆ ಸಂಪುಟ, ಇನ್ನೊಬ್ಬರಿಗೆ ಗಾತ್ರ. ನನಗೆ ಹಿಡಿಸುವುದು ಈ ಜಗಳದ ರೀತಿ. ಅಭಿಪ್ರಾಯಕ್ಕೆ ಅಭಿಪ್ರಾಯ ಎದುರು ನಿಲ್ಲಲಿಲ್ಲ. ರಾಶಿಗೆ ರಾಶಿ ಎದುರಾಯಿತು, ಯಾರು ಬೇಕಾದರೂ ಮತ್ತೆ ಎಣಿಸಿ ನೋಡಬಹುದಿತ್ತು.

ಸಂಶೋಧನ ಬರಹದಲ್ಲಿ ‘ನಾನು’ ಎನ್ನಬಾರದು ಎಂದು ನಮ್ಮ ಕಾಲೇಜುಗಳಲ್ಲಿ ಈಗಲೂ ಹೇಳಿಕೊಡುತ್ತಾರೆ. ಹೈಲ್ಯಾಂಡ್ ಎಂಟು ಶಾಸ್ತ್ರಗಳ 240 ಲೇಖನಗಳನ್ನು ನೋಡಿದರು. ಸಮಾಜಶಾಸ್ತ್ರಜ್ಞರೂ ತತ್ತ್ವಶಾಸ್ತ್ರಜ್ಞರೂ ಧಾರಾಳವಾಗಿ ‘ನಾನು’ ಎನ್ನುತ್ತಾರೆ, ಭೌತವಿಜ್ಞಾನಿಗಳು ‘ನಾವು’ ಎನ್ನುತ್ತಾರೆ. ಏಕೆ ಹಾಗೆ ಎಂಬುದನ್ನು ಎಣಿಕೆ ಹೇಳದು. ಅದಕ್ಕೇ ಅವರು ಆಯಾ ಶಾಸ್ತ್ರದ ಬರಹಗಾರರನ್ನೇ ಕೂರಿಸಿಕೊಂಡು ಮಾತಾಡಿಸಿದರು. ಒಡಲು ಮುಂದಿದ್ದರೆ ಸಾಲದು, ಅದಕ್ಕೆ ದನಿಯೂ ಬೇಕು.

ಹಾಗಾದರೆ ಯಾರ ಒಡಲು? ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಯ ಮುಂದೆ ಪ್ರಾಧ್ಯಾಪಕರ ಲೇಖನವನ್ನೇ ಮಾದರಿಯಾಗಿ ಇಡುವುದು ಅನ್ಯಾಯ, ಅವನು ಬರೆಯಬೇಕಾದದ್ದು ಅಸೈನ್‌ಮೆಂಟು. ಬ್ರಿಟನ್ನಿನ ವಾರಿಕ್, ರೆಡಿಂಗ್, ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯಗಳು ಕೂಡಿ ಒಳ್ಳೆಯ ಅಂಕ ಪಡೆದ 2,761 ವಿದ್ಯಾರ್ಥಿಬರಹಗಳ ಕಾರ್ಪಸ್ ಮಾಡಿದ್ದು ಈ ಕಾರಣಕ್ಕೇ. ಹೆಲ್ಸಿಂಕಿಯ ಅನ್ನಾ ಮೌರನೆನ್ ಇನ್ನೂ ಮುಂದೆ ಹೋಗಿ, ಇಂಗ್ಲಿಷ್ ತಾಯ್ನುಡಿಯಲ್ಲದವರು ವಿಶ್ವವಿದ್ಯಾಲಯಗಳಲ್ಲಿ ಆಡಿದ ಹತ್ತು ಲಕ್ಷ ಪದಗಳನ್ನು ಕೂಡಿಸಿದರು.

ಕರ್ನಾಟಕಕ್ಕೆ ಬೇಕಿರುವುದು ಇಂಥದ್ದೇ. ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ಕಾಲೇಜಿಗೆ ಸೇರುವ ಹುಡುಗಿಗೆ ನಾವು ಇಂಗ್ಲಿಷ್ ಎಂದು ಕೊಡುವುದು ರಜೆ ಕೋರುವ ಪತ್ರ, ಒಂದೆರಡು ಪ್ರಬಂಧ, ಕ್ರಿಯಾಪದಗಳ ಪಟ್ಟಿ. ಪಾಳಿ ಬದಲಾಗುವಾಗ ಒಬ್ಬ ನರ್ಸ್ ಇನ್ನೊಬ್ಬರಿಗೆ ಏನು ಬರೆದಿಟ್ಟು ಹೋಗುತ್ತಾರೆ, ಅಲ್ಲಿ ವಾಕ್ಯ ಎಷ್ಟು ಉದ್ದ, ಯಾವ ಪದ ಮತ್ತೆ ಮತ್ತೆ ಬರುತ್ತದೆ ಎಂಬುದನ್ನು ನೋಡಿ ಪಾಠ ಕಟ್ಟುವವರು ಬೇಕು. ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಟೋಕಿಯೋದ ವಸೇಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಥೊನಿ ರೂಪಿಸಿದ ಆಂಟ್‌ಕಾಂಕ್ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಕೇಳಿದ ಪದವನ್ನು ನಡುವೆ ಇಟ್ಟು, ಅದು ಬಂದ ಸಾಲುಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ ತೋರಿಸುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಟಿಮ್ ಜಾನ್ಸ್ ಅಂಥ ಸಾಲುಗಳನ್ನು ಮುದ್ರಿಸಿ ವಿದ್ಯಾರ್ಥಿಗಳ ಕೈಗೇ ಕೊಡುತ್ತಿದ್ದರು, ನಿಯಮವನ್ನು ಅವರೇ ಹುಡುಕಿಕೊಳ್ಳಲಿ ಎಂದು. ಸಂಗ್ರಹಿಸುವ ಮುನ್ನ ಬರೆದವರ ಒಪ್ಪಿಗೆ ಪಡೆಯಬೇಕು, ರೋಗಿಯ ಹೆಸರು, ಹಾಸಿಗೆಯ ಸಂಖ್ಯೆ ಅಳಿಸಬೇಕು. ಆಮೇಲೆ ಐವತ್ತೋ ನೂರೋ ಟಿಪ್ಪಣಿಗಳು ಸಾಕು, ಮೊದಲ ಪಾಠಕ್ಕೆ.