ಬಿಸಿಲನ್ನು ಇರುಳಿಗೆ ಉಳಿಸುವ ವಿದ್ಯೆ: ಕುಷ್ಟಗಿ ಸೀಮೆಯ ಬೆಚ್ಚನೆಯ ಮನೆಗಳು

ಕುಷ್ಟಗಿ ಎಂದರೆ ಹೊರಗಿನವರಿಗೆ ನೆನಪಾಗುವುದು ಬಿಸಿಲು. ನಾವೂ ಏಪ್ರಿಲ್, ಮೇ ತಿಂಗಳ ಝಳದ ಬಗ್ಗೆಯೇ ವರ್ಷವಿಡೀ ಮಾತಾಡುತ್ತೇವೆ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಇರುವ ಥಂಡಿಯ ಬಗ್ಗೆ ಮಾತು ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಹಗಲಿನ ಉಷ್ಣಾಂಶ ಸುಮಾರು 29–30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೆಳಗಿನ ಜಾವಕ್ಕೆ ಅದು 15–16ರ ಆಸುಪಾಸಿಗೆ ಇಳಿಯುತ್ತದೆ. ಉತ್ತರದ ಒಣಗಾಳಿ ಬೀಸಿದ ವರ್ಷ ಇನ್ನೂ ಕೆಳಗೆ. ಹಿಮಾಲಯದ ಲೆಕ್ಕದಲ್ಲಿ ಇದು ಚಳಿಯೇ ಅಲ್ಲ. ಆದರೆ ತಗಡಿನ ಸೂರಿನಡಿ ಮಲಗುವ ಹಸುಗೂಸಿಗೆ, ಉಬ್ಬಸದ ಮುದುಕರಿಗೆ, ಮೈಯಲ್ಲಿ ಕಸುವಿಲ್ಲದ ಬಾಣಂತಿಗೆ ಇದು ಸಣ್ಣ ಸಂಗತಿಯಲ್ಲ.

ಹಗಲು–ಇರುಳಿನ ನಡುವಿನ ಈ 14 ಡಿಗ್ರಿ ಅಂತರದಲ್ಲೇ ನಮ್ಮ ಸಮಸ್ಯೆ ಇದೆ, ಪರಿಹಾರವೂ ಇದೆ. ನಮ್ಮಲ್ಲಿ ಶಾಖಕ್ಕೆ ಕೊರತೆಯಿಲ್ಲ. ಮಧ್ಯಾಹ್ನ ಬೇಡವೆಂದರೂ ಸುರಿಯುವ ಬಿಸಿಲನ್ನು ನಸುಕಿನವರೆಗೆ ಕಾಪಿಡುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ಈ ಸೀಮೆಯ ಮನೆಗಳು ಆ ಪ್ರಶ್ನೆಗೆ ಒಮ್ಮೆ ಉತ್ತರ ಕಂಡುಕೊಂಡಿದ್ದವು, ನಡುವೆ ಅದನ್ನು ಕಳೆದುಕೊಂಡವು. ಈಗ ಅದು ವಿಜ್ಞಾನದ ಭಾಷೆಯಲ್ಲಿ ಮರಳಿ ಬರುತ್ತಿದೆ.

ಮಣ್ಣಿನ ಮೊದಲ ಮನೆಗಳು

ಗಂಗಾವತಿ ಬಳಿಯ ಹಿರೇಬೆಣಕಲ್ ಬೆಟ್ಟದಲ್ಲಿ ನಿಂತಿರುವ ಬೃಹತ್ ಶಿಲಾಯುಗದ ಕಲ್ಲುಮನೆಗಳನ್ನು ಜನ ಮೋರ್ಯರ ಮನೆಗಳೆನ್ನುತ್ತಾರೆ. ವಿದ್ವಾಂಸರು ಅವನ್ನು ಸತ್ತವರಿಗಾಗಿ ಕಟ್ಟಿದ ಸ್ಮಾರಕಗಳೆಂದು ಗುರುತಿಸಿದ್ದಾರೆ. ಬದುಕಿದ್ದವರ ಮನೆ ಹೇಗಿತ್ತೆಂದು ತಿಳಿಯಲು ಅದಕ್ಕೂ ಹಿಂದಿನ ನವಶಿಲಾಯುಗದ ನೆಲೆಗಳಿಗೆ ಹೋಗಬೇಕು. ತುಂಗಭದ್ರೆಯ ಆಚೆ ದಡದ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕಿದ್ದು ದುಂಡನೆಯ ಗುಡಿಸಲುಗಳ ನೆಲೆಗಟ್ಟು: ಸುತ್ತ ಕಂಬದ ಗುಳಿಗಳು, ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಬಡಿದು ಗಟ್ಟಿ ಮಾಡಿದ ನೆಲ, ಒಳಗೇ ಒಲೆ. ಗುಡಿಸಲು ಕಟ್ಟಿದ್ದು ಬೆಟ್ಟದ ಬಂಡೆಗಳ ನಡುವೆ. ಹಗಲೆಲ್ಲ ಕಾದ ಬಂಡೆ ಇರುಳಿನಲ್ಲಿ ಬೇಗ ಆರುವುದಿಲ್ಲ, ಗಾಳಿಗೂ ಅಡ್ಡವಾಗುತ್ತದೆ. ಆ ಜನ ಇದನ್ನೇ ಎಣಿಸಿ ಜಾಗ ಆರಿಸಿದರೆಂದು ಸಾಧಿಸಲಾಗದು. ಆದರೆ ಅದರ ಲಾಭ ಅವರಿಗೆ ಸಿಕ್ಕಿದ್ದಂತೂ ನಿಜ.

ಕುಷ್ಟಗಿಗೆ ಇನ್ನೂ ಹತ್ತಿರ, ಮುದಗಲ್ ಬಳಿಯ ಪಿಕ್ಲಿಹಾಳವೆಂಬ ಇನ್ನೊಂದು ನವಶಿಲಾಯುಗದ ನೆಲೆಯನ್ನು ಅಗೆದ ಎಫ್. ಆರ್. ಆಲ್ಚಿನ್ ತಮ್ಮ ವರದಿಯನ್ನು 1960ರಲ್ಲಿ ಪ್ರಕಟಿಸಿದರು. ದನ ಸಾಕಿದವರ, ಸಗಣಿ ಸುಟ್ಟವರ ನಾಡು ಇದು ಎಂಬುದಕ್ಕೆ ಕುಡತಿನಿ, ಉಟ್ನೂರು, ಬೂದಿಹಾಳಗಳ ಬೂದಿದಿಬ್ಬಗಳು ಸಾಕ್ಷಿ. ದನ, ಸಗಣಿ, ಮಣ್ಣು ಈ ಮೂರೂ ಸಾವಿರಾರು ವರ್ಷಗಳ ನಂತರವೂ ನಮ್ಮ ಮನೆಗಳ ಶಾಖದ ಮೂಲವಾಗಿ ಉಳಿದವು.

ಜಂತಿಮನೆ: ಶಾಖದ ಹಗೇವು

ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಜಂತಿಮನೆ ಈ ವಿದ್ಯೆಯ ಪಕ್ವ ರೂಪ. ಕಲ್ಲು–ಮಣ್ಣಿನ ಒಂದೂವರೆಯಿಂದ ಎರಡೂವರೆ ಅಡಿ ದಪ್ಪದ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ, ಸೊಪ್ಪುಸದೆ, ಕೊನೆಗೆ ಅಡಿಯಷ್ಟು ಮಣ್ಣಿನ ಮೇಲ್ಮುದ್ದೆ. ಮಳೆಗಾಲಕ್ಕೆ ಮುನ್ನ ಸವಳು ಮಣ್ಣು ಹಾಕಿ ಮಾಳಿಗೆಯನ್ನು ಹದಗೊಳಿಸುತ್ತಿದ್ದರು. ಕಿಟಕಿ ಸಣ್ಣವು, ಬೆಳಕಿಗೆ ಮಾಳಿಗೆಯಲ್ಲಿ ಬೆಳಕಿಂಡಿ. ಮನೆಯನ್ನು ಅಳೆಯುತ್ತಿದ್ದುದು ಅಂಕಣದ ಲೆಕ್ಕದಲ್ಲಿ. ಮುಂದಿನ ಅಂಕಣಗಳಲ್ಲಿ ಗೋದಲಿ, ದನ. ಅದಕ್ಕಿಂತ ಎತ್ತರದ ಪಡಸಾಲೆಯಲ್ಲಿ ಜನ.

ಹಗೇವಿನಲ್ಲಿ ಜೋಳ ತುಂಬಿಟ್ಟು ಬೇಕಾದಾಗ ತೆಗೆಯುವಂತೆ ಈ ಗೋಡೆ ಹಗಲಿನ ಶಾಖವನ್ನು ತುಂಬಿಟ್ಟು ಇರುಳಿಗೆ ಕೊಡುತ್ತಿತ್ತು. ಇದನ್ನು ಲೆಕ್ಕದಲ್ಲೂ ನೋಡಬಹುದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಿದ್ದರೆ ಅದರ ತೂಕ ಸುಮಾರು 25 ಟನ್. ಅಷ್ಟು ಮಣ್ಣು ಒಂದೇ ಒಂದು ಡಿಗ್ರಿ ತಣಿಯುವಾಗ ಬಿಡುವ ಶಾಖ ಸುಮಾರು 6 ಯೂನಿಟ್ ವಿದ್ಯುತ್ತಿಗೆ ಸಮ. ಅರ್ಧ ಹೊರಗೆ ಹೋದರೂ ಉಳಿದರ್ಧ ಮನೆಯೊಳಕ್ಕೆ ಬರುತ್ತದೆ. ಅದೇ ಕೋಣೆಯ ಮೇಲಿನ ಅರ್ಧ ಮಿಲಿಮೀಟರ್ ದಪ್ಪದ ತಗಡು ಒಂದು ಡಿಗ್ರಿ ತಣಿಯುವಾಗ ಬಿಡುವುದು ಒಂದು ಯೂನಿಟ್ಟಿನ ಇನ್ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ.

ಮಣ್ಣಿಗೆ ಇನ್ನೊಂದು ಗುಣವಿದೆ. ಹೊರಮೈಗೆ ಬಿದ್ದ ಬಿಸಿಲು ಒಂದೂವರೆ ಅಡಿ ಗೋಡೆ ದಾಟಿ ಒಳಮೈಗೆ ಬರಲು ಸುಮಾರು 12 ಗಂಟೆ ಬೇಕು. ಮಧ್ಯಾಹ್ನ ಎರಡಕ್ಕೆ ಹೊರಟ ಶಾಖ ಒಳಗೆ ಮುಟ್ಟುವುದು ನಡುರಾತ್ರಿ ದಾಟಿದ ಮೇಲೆ, ಅಂದರೆ ಚಳಿ ಬಿಗಿಯಾಗುವ ಹೊತ್ತಿಗೆ. ಇದರ ಜೊತೆಗೆ ಮೈಶಾಖವೂ ಸೇರುತ್ತಿತ್ತು. ಸುಮ್ಮನೆ ಮಲಗಿದ ಮನುಷ್ಯನ ಮೈ ಬಿಡುವ ಶಾಖ ಸುಮಾರು 80 ವಾಟ್. ಒಂದು ಎತ್ತು ಅದರ ಹಲವು ಪಟ್ಟು ಬಿಡುತ್ತದೆ. ದನದೊಂದಿಗೆ ಒಂದೇ ಸೂರಿನಡಿ ಮಲಗಿದರೆ ಸೊಳ್ಳೆ, ಉಣ್ಣಿ, ರೋಗಗಳ ಕಾಟವೂ ಇತ್ತು. ಅದನ್ನು ಬಿಟ್ಟದ್ದು ಸರಿಯಾದ ನಿರ್ಧಾರವೇ.

ಮೈಗೆ ಹೊದಿಕೆ

ಇಡೀ ಮನೆ ಕಾಯಿಸುವುದಕ್ಕಿಂತ ಮಲಗಿದವರ ಮೈಯ ಶಾಖವನ್ನೇ ಹಿಡಿದಿಡುವುದು ಅಗ್ಗ. ಈ ಸೀಮೆಯ ಹಾಲುಮತದವರು ಕುರಿಯ ಉಣ್ಣೆ ಕತ್ತರಿಸಿ, ಹೆಂಗಸರು ನೂತು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ, ಗುಂಡಿಮಗ್ಗದಲ್ಲಿ ನೇಯ್ದ ಕರಿಕಂಬಳಿ ಚಳಿಗೂ ಮಳೆಗೂ ಆಗುತ್ತಿತ್ತು. ಉಣ್ಣೆಯ ಸುರುಳಿ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಅದರ ಬಿಸುಪಿನ ಗುಟ್ಟು. ಆ ಕಂಬಳಿಗೆ ಬೇಕಾದ ಕಪ್ಪು ಉಣ್ಣೆ ಬರುವುದು ದಖ್ಖನಿ ಕುರಿಯಿಂದ. ಸಾಕಣೆ ಮಾಂಸದತ್ತ ವಾಲಿದಂತೆ, ಮೈಮೇಲೆ ಉಣ್ಣೆಯ ಬದಲು ಕೂದಲಿರುವ ಕೆಂಗುರಿಯಂಥ ತಳಿಗಳಿಗೆ ಬೇಡಿಕೆ ಹೆಚ್ಚಿತು. ಕಂಬಳಿ ಮಗ್ಗಗಳು ಕಡಿಮೆಯಾದವು.

ಕೌದಿ ಮಾತ್ರ ಇನ್ನೂ ಉಳಿದಿದೆ. ನೇಕಾರಿಕೆಯ ಇಳಕಲ್ ಪಕ್ಕದಲ್ಲೇ ಇರುವ ತಾಲ್ಲೂಕಿದು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಒತ್ತೊತ್ತಾಗಿ ಹೊಲಿದ ಕೌದಿ ಇಲ್ಲದ ಮನೆ ಅಪರೂಪ. ಪದರಗಳ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ. ಬರೀ ಮೇಲೆ ಹೊದ್ದರೆ ಸಾಲದು, ನೆಲದ ಫರಸಿ ಶಾಖ ಎಳೆದುಕೊಳ್ಳುವುದರಿಂದ ಕೆಳಗೂ ಒಂದು ಕೌದಿ ಬೇಕೆಂಬುದನ್ನು ನಮ್ಮ ಹಿರಿಯ ಹೆಂಗಸರು ಪುಸ್ತಕ ಓದದೆ ತಿಳಿದಿದ್ದರು.

ಬೆಂಕಿ ಮತ್ತು ಹೊಗೆ

ಒಲೆಯ ಬಿಸಿ ಮನೆಯವರಿಗೆಲ್ಲ ಸಿಕ್ಕಿತು, ಅದರ ಹೊಗೆ ಮಾತ್ರ ಹೆಂಗಸರು, ಮಕ್ಕಳ ಪಾಲಾಯಿತು. ಅಡುಗೆಮನೆಯ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜು.

ಕರ್ನಾಟಕದ ಮಟ್ಟಿಗೆ ಇಲ್ಲಿ ದೊಡ್ಡ ತಿರುವು ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಅಲ್ಲಿ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಆರಂಭಿಸಿದ ‘ಅಸ್ತ್ರ’ ಕೇಂದ್ರ, 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆಯ, ಹೊಗೆಕೊಳವೆಯ ಅಸ್ತ್ರ ಒಲೆಯನ್ನು ರೂಪಿಸಿತು. ಹಳೆಯ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ ಹತ್ತು–ಹದಿನೈದು ಪಾಲು ಪಾತ್ರೆಗೆ ತಲುಪಿದರೆ, ಇದರಲ್ಲಿ 40ರ ಹತ್ತಿರ ತಲುಪುತ್ತಿತ್ತು. ಬಚ್ಚಲಿನ ಹಂಡೆಗೂ ಇಂಥದೇ ಒಲೆ ಬಂತು. 1983ರಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ, 2016ರಲ್ಲಿ ಉಜ್ವಲಾ ಗ್ಯಾಸ್ ಯೋಜನೆ ಬಂದವು.

ಒಲೆ ಸುಧಾರಿಸಿದಷ್ಟೂ ಶಾಖ ಪಾತ್ರೆಗೆ ಹೋಗಿ ಮನೆಗೆ ಬೀಳುವುದು ಕಡಿಮೆಯಾಯಿತು. ಇದು ನಷ್ಟವಲ್ಲ, ಪಾಠ. ಅಡುಗೆ ಒಲೆಯ ಕೆಲಸ, ಮನೆಯನ್ನು ಬೆಚ್ಚಗಿಡುವುದು ಗೋಡೆ ಮತ್ತು ಮಾಳಿಗೆಯ ಕೆಲಸ. ಎರಡನ್ನೂ ಒಂದೇ ಬೆಂಕಿಯಿಂದ ಮಾಡಿಸುತ್ತಿದ್ದುದರಿಂದಲೇ ಹೊಗೆಯನ್ನು ಇಷ್ಟು ಕಾಲ ಸಹಿಸಿದೆವು.

ತಗಡು, ಕಾಂಕ್ರೀಟಿನ ದಿನಗಳು

ಹಳೆಯ ಮನೆಯನ್ನು ಜನ ಬರೀ ಶೋಕಿಗಾಗಿ ಬಿಡಲಿಲ್ಲ. ಜಂತಿಗೆ ಮರ ಸಿಗದಾಯಿತು. ಗೆದ್ದಲು, ಸೋರಿಕೆ, ವರ್ಷವರ್ಷದ ಮಣ್ಣಿನ ಕೆಲಸ ಹೊರೆಯಾಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ನಮ್ಮಂಥವೇ ಕಲ್ಲುಗೋಡೆ, ಮಣ್ಣುಮಾಳಿಗೆಯ ಮನೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. 2009ರ ಸೆಪ್ಟೆಂಬರ್ ಕೊನೆಯ, ಅಕ್ಟೋಬರ್ ಮೊದಲ ದಿನಗಳ ಮಹಾಮಳೆಗೆ ಕೊಪ್ಪಳವೂ ಸೇರಿ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಇದಾದ ಮೇಲೆ ಮಣ್ಣನ್ನು ನಂಬಿ ಎಂದು ಯಾರಿಗೆ ಹೇಳುವುದು?

ಹೀಗಾಗಿ ಆಶ್ರಯ, ಇಂದಿರಾ ಆವಾಸ್, ಬಸವ ವಸತಿ ಎಂದು ಯೋಜನೆಗಳು ಬಂದಂತೆ ತೆಳುಗೋಡೆ, ಕಾಂಕ್ರೀಟ್ ಚಾವಣಿ ಬಂತು. ಹಣ ಸಾಲದವರಿಗೆ ತಗಡು. ಈ ಮನೆಗಳು ಸೋರದೆ ನಿಂತವು, ಅದು ದೊಡ್ಡ ಗಳಿಕೆ. ಆದರೆ ಚಳಿಗಾಲದ ನಿರಭ್ರ ಆಕಾಶಕ್ಕೆ ತೆರೆದುಕೊಂಡ ಚಾವಣಿ ರಾತ್ರಿಯಿಡೀ ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತದೆ. ತಗಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿ, ಒಳಗಿನ ಉಸಿರಿನ ಆವಿ ಅದಕ್ಕೆ ತಾಗಿ ಹನಿಯಾಗಿ ಹಾಸಿಗೆಯ ಮೇಲೆ ಬೀಳುತ್ತದೆ. ನಾಲ್ಕು ಇಂಚಿನ ಕಾಂಕ್ರೀಟ್ ಸಂಜೆಯ ಹೊತ್ತಿಗೆ ಬೆಚ್ಚಗಿದ್ದು ನಡುರಾತ್ರಿಗೆ ಬರಿದಾಗುತ್ತದೆ. ಇದನ್ನು ರೂಮ್ ಹೀಟರಿನಿಂದ ತುಂಬಿಕೊಳ್ಳಲು ಹೋದರೆ 2000 ವಾಟಿನ ಹೀಟರ್ ಎಂಟು ಗಂಟೆಗೆ 16 ಯೂನಿಟ್ ತಿನ್ನುತ್ತದೆ.

ಮರಳಿ ಮಣ್ಣಿಗೆ, ಬೇರೆ ದಾರಿಯಲ್ಲಿ

ಅಸ್ತ್ರದಲ್ಲೇ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಸಂಗಡಿಗರು ಇದಕ್ಕೆ ಬೇರೊಂದು ದಾರಿ ಹುಡುಕಿದರು. ಮಣ್ಣಿಗೆ ನೂರಕ್ಕೆ ಆರು–ಎಂಟು ಪಾಲು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆ ನೀರಿಗೆ ಕರಗುವುದಿಲ್ಲ. ಲಾರಿ ಬೇಕರ್ ಜನಪ್ರಿಯಗೊಳಿಸಿದ ‘ರ್‍ಯಾಟ್ ಟ್ರ್ಯಾಪ್’ ಕಟ್ಟುವಿಕೆಯಲ್ಲಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವುದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಆ ಪೊಳ್ಳಿನ ಗಾಳಿ ಚಳಿಯನ್ನೂ ಸೆಕೆಯನ್ನೂ ತಡೆಯುತ್ತದೆ. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ಬೀಳಗೊಡದೆ ದುರಸ್ತಿಗೊಳಿಸಿ ಬಳಕೆಗೆ ತಂದಿದೆ.

ಮನೆಯ ಶಾಖಕ್ಕೆ ದೇಶದ ಮಟ್ಟದ ಅಳತೆಗೋಲು ಸಿಕ್ಕಿದ್ದು 2018ರ ಡಿಸೆಂಬರಿನಲ್ಲಿ, ‘ಇಕೋ ನಿವಾಸ್ ಸಂಹಿತಾ’ ಎಂಬ ವಸತಿ ಕಟ್ಟಡಗಳ ಇಂಧನ ಸಂಹಿತೆಯಿಂದ. ಚಾವಣಿಯ ಒಳ–ಹೊರಗೆ ಒಂದು ಡಿಗ್ರಿ ಅಂತರವಿದ್ದಾಗ ಒಂದು ಚದರ ಮೀಟರಿನಿಂದ 1.2 ವಾಟಿಗಿಂತ ಹೆಚ್ಚು ಶಾಖ ದಾಟಕೂಡದು ಎಂದು ಅದು ಹೇಳುತ್ತದೆ. ಬರಿಯ ಕಾಂಕ್ರೀಟ್ ಚಾವಣಿಯಿಂದ ದಾಟುವುದು ಮೂರು ವಾಟಿಗೂ ಹೆಚ್ಚು, ತಗಡಿನಿಂದ ಆರರ ಹತ್ತಿರ. ಹಲಗೆಯ ಮೇಲೆ ಅಡಿಯಷ್ಟು ಒಣಮಣ್ಣಿನ ನಮ್ಮ ಹಳೆಯ ಮಾಳಿಗೆಯ ಲೆಕ್ಕ ಹಾಕಿದರೆ ಅಂದಾಜು 1.2ರ ಆಸುಪಾಸಿಗೇ ಬರುತ್ತದೆ. ಹೆಸರು ತಿಳಿಯದ ಗೌಂಡಿಗಳು, ಬಡಿಗರು ಮುಟ್ಟಿದ್ದ ಗುಣಮಟ್ಟವನ್ನು ಸಂಹಿತೆ ಈಗ ಕೇಳುತ್ತಿದೆ. ಆದರೆ ಆ ಸಂಹಿತೆ ರೂಪಿಸಿದ್ದು 500 ಚದರ ಮೀಟರ್ ಅಥವಾ ಅದಕ್ಕೂ ದೊಡ್ಡ ನಿವೇಶನಗಳ ಕಟ್ಟಡಗಳಿಗೆ. ನಮ್ಮ ಆಶ್ರಯ ಮನೆಗಳು ಅದರ ಹೊರಗೇ ಉಳಿದವು.

ಕೂಸಿನ ಬಿಸುಪು

ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು, ಬಾಗಿಲು ಮುಚ್ಚಿ, ಲೋಬಾನದ ಹೊಗೆ ಹಾಕುವ ರೂಢಿಯ ಹಿಂದೆ ಇರುವುದು ಪ್ರೀತಿ. ಆದರೆ ಮುಚ್ಚಿದ ಕೋಣೆಯ ಕೆಂಡ ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯಬಲ್ಲದು. ಇದಕ್ಕೆ ಪರ್ಯಾಯ ಮೂಡಿದ್ದು 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ. ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ ಎಡ್ಗಾರ್ ರೇ ಎಂಬ ವೈದ್ಯರು ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಈ ಕಾಂಗರೂ ತಾಯಿ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆಂದು ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದೊಂದಿಗೆ ಕಳೆದ ದಶಕದಲ್ಲಿ ಪರಿಶೀಲಿಸಿದ ತಾಣಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕೆಎಚ್‌ಪಿಟಿ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಸರ್ಕಾರದ ಆರೋಗ್ಯ ಸಿಬ್ಬಂದಿ ಕೂಡಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ದರು. ಹುಟ್ಟಿದ ತಕ್ಷಣ ಹೀಗೆ ಮಾಡಿದರೆ ಸಾವು ಸುಮಾರು ಕಾಲುಭಾಗ ತಗ್ಗುತ್ತದೆಂದು ಐದು ದೇಶಗಳ ಅಧ್ಯಯನವೊಂದು 2021ರಲ್ಲಿ ತೋರಿಸಿತು. ಜಂತಿಮನೆಯ ಗೋಡೆ, ಕೌದಿ ಮಾಡಿದ್ದನ್ನೇ ಈ ವಿಧಾನವೂ ಮಾಡುತ್ತದೆ: ಹೊಸ ಬೆಂಕಿ ಹಚ್ಚದೆ ಇರುವ ಶಾಖವನ್ನು ಪೋಲಾಗಗೊಡದೆ ಹಿಡಿಯುವುದು.

ಈಗ ಮಾಡಬೇಕಾದ್ದು

ಮೊದಲ ರೂಪಾಯಿ ಚಾವಣಿಗೆ ಹಾಕಬೇಕು. ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿಯನ್ನೋ ಹಲಗೆಯನ್ನೋ ಕಟ್ಟಿದರೆ ನಡುವಿನ ಗಾಳಿಯೇ ಹೊದಿಕೆಯಾಗುತ್ತದೆ. ಬೆಂಕಿ ಹತ್ತುವ ವಸ್ತುವಾದ್ದರಿಂದ ಒಲೆಯ ಮೇಲ್ಭಾಗದಲ್ಲಿ ಮಾತ್ರ ಬೇಡ. ಕಾಂಕ್ರೀಟಿನ ಮೇಲೆ ಎರಡು ಇಂಚು ಥರ್ಮಾಕೋಲ್ ಹಾಸಿ ಗಾರೆ ಹಾಕಿದರೆ ದಾಟುವ ಶಾಖ ಒಂದು ವಾಟಿಗಿಂತ ಕೆಳಗಿಳಿಯುತ್ತದೆ. ಹೊಸ ಮನೆಗೆ ದಕ್ಷಿಣದಲ್ಲೊಂದು ಕಿಟಕಿ, ಅದಕ್ಕೆ ಎರಡಡಿ ಸಜ್ಜಾ ಇರಲಿ. ಡಿಸೆಂಬರಿನ ನಡುಹಗಲಿನಲ್ಲಿ ನಮ್ಮ ಸೂರ್ಯ ದಕ್ಷಿಣಕ್ಕೆ ಬಾಗಿ 51 ಡಿಗ್ರಿ ಎತ್ತರದಲ್ಲಿರುವುದರಿಂದ ಬಿಸಿಲು ಒಳಗೆ ಬೀಳುತ್ತದೆ. ಮೇ ತಿಂಗಳಲ್ಲಿ ನೆತ್ತಿಯ ಮೇಲಿರುವುದರಿಂದ ಬೀಳುವುದಿಲ್ಲ. ಸಂಜೆ ನಾಲ್ಕೂವರೆಗೆ ಕಿಟಕಿ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ಒತ್ತಿ, ಗಾಳಿಗೆ ಮೇಲೊಂದು ಸಣ್ಣ ಕಿಂಡಿ ಬಿಟ್ಟರೆ ಸಾಕು. ಸ್ನಾನದ ನೀರಿಗೆ ಸೋಲಾರ್ ಇದೆ. ಇವಕ್ಕೆಲ್ಲ ಒಂದು ಸಲದ ಖರ್ಚು ಮಾತ್ರ, ತಿಂಗಳ ಬಿಲ್ಲಿಲ್ಲ. ಚಾವಣಿಗೆ ಹಾಕಿದ ಹಣವಂತೂ ಬೇಸಿಗೆಯಲ್ಲಿ ಎರಡನೆಯ ಸಲ ಫಲ ಕೊಡುತ್ತದೆ.

ಇದು ಮನೆಯವರ ಮೇಲೆ ಮಾತ್ರ ಬಿಡುವ ಕೆಲಸವಲ್ಲ. ಬಡವರ ಮನೆಗೆ ಸರ್ಕಾರ ಕೊಡುವ ಅನುದಾನದಲ್ಲಿ ಗೋಡೆ, ಚಾವಣಿ, ಶೌಚಾಲಯಗಳಿಗೆ ಲೆಕ್ಕವಿರುವಂತೆ ಚಾವಣಿಯ ಹೊದಿಕೆಗೂ ಒಂದು ಪಾಲು ಇರಬೇಕು. 500 ಚದರ ಮೀಟರಿನ ನಿವೇಶನಕ್ಕೆ ಬೇಕೆಂದು ಸಂಹಿತೆ ಒಪ್ಪಿದ ಗುಣ, ಎರಡು ಅಂಕಣದ ಮನೆಗೆ ಅದಕ್ಕಿಂತ ಹೆಚ್ಚು ಬೇಕು. ಏಕೆಂದರೆ ಅಲ್ಲಿರುವವರಿಗೆ ಹೀಟರ್ ಕೊಳ್ಳುವ ಶಕ್ತಿಯಿಲ್ಲ, ಆ ಚಾವಣಿಯೊಂದೇ ಅವರಿಗಿರುವ ರಕ್ಷಣೆ.