ಉತ್ತರ ಐರ್ಲೆಂಡ್: ಸಾರ್ವತ್ರಿಕ ರಜೆಗಳು ಮತ್ತು ಶಾಲಾ ರಜೆಗಳು

ಯುನೈಟೆಡ್ ಕಿಂಗ್‌ಡಮ್‌ನ ಭಾಗವಾದ ಉತ್ತರ ಐರ್ಲೆಂಡ್‌ನಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 10 ಸಾರ್ವತ್ರಿಕ ರಜೆಗಳಿವೆ; ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 8. ಹೊಸ ವರ್ಷ, ಗುಡ್ ಫ್ರೈಡೆ, ಈಸ್ಟರ್ ಸೋಮವಾರ, ಕ್ರಿಸ್‌ಮಸ್ ಮೊದಲಾದವು ಎರಡೂ ಕಡೆ ಸಮಾನ. ಹೆಚ್ಚಿನ ಎರಡು ರಜೆಗಳಲ್ಲೇ ನಾಡಿನ ಇತಿಹಾಸ ಅಡಗಿದೆ.

ಮೊದಲನೆಯದು ಮಾರ್ಚ್ 17ರ ಸಂತ ಪ್ಯಾಟ್ರಿಕ್ ದಿನ. 1903ರ ಕಾಯ್ದೆ ಇದನ್ನು ಇಡೀ ಐರ್ಲೆಂಡ್‌ಗೆ ರಜೆಯಾಗಿಸಿತು. ಆಗಿನ್ನೂ ದ್ವೀಪ ವಿಭಜನೆಯಾಗಿರಲಿಲ್ಲ. ಎರಡನೆಯದು ಜುಲೈ 12. 1690ರ ಬಾಯ್ನ್ ಕದನದಲ್ಲಿ ಪ್ರಾಟೆಸ್ಟೆಂಟ್ ದೊರೆ ಮೂರನೆಯ ವಿಲಿಯಂ, ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್‌ನನ್ನು ಸೋಲಿಸಿದ ನೆನಪಿನ ದಿನವಿದು. ಕದನ ನಡೆದದ್ದು ಹಳೆಯ ಜೂಲಿಯನ್ ಪಂಚಾಂಗದ ಜುಲೈ 1ರಂದು; ಪಂಚಾಂಗ ಬದಲಾದ ಮೇಲೆ ಆಚರಣೆ ಜುಲೈ 12ಕ್ಕೆ ಬಂತು. ಹಿಂದಿನ ರಾತ್ರಿ ದೊಡ್ಡ ದೊಡ್ಡ ಬೆಂಕಿ ಹಾಕುತ್ತಾರೆ. ಮರುದಿನ ಆರೆಂಜ್ ಆರ್ಡರ್ ಎಂಬ ಪ್ರಾಟೆಸ್ಟೆಂಟ್ ಸಂಘಟನೆಯ ಮೆರವಣಿಗೆಗಳು ವಾದ್ಯಗಳೊಂದಿಗೆ ಹೊರಡುತ್ತವೆ. ಪ್ರಾಟೆಸ್ಟೆಂಟ್ ಸಮುದಾಯಕ್ಕೆ ಇದು ಹಬ್ಬ. ಕ್ಯಾಥೊಲಿಕ್ ಸಮುದಾಯದ ಅನೇಕರಿಗೆ ಊರು ಬಿಟ್ಟು ಹೋಗುವ ದಿನ. ಎಲ್ಲರಿಗೂ ರಜೆಯಾದರೂ ಎಲ್ಲರ ಹಬ್ಬವಲ್ಲದ ಈ ದಿನವನ್ನು ಅರಿಯದೆ ಇಲ್ಲಿನ ರಾಜಕೀಯ ಅರ್ಥವಾಗದು.

ಶಾಲೆಗಳಿಗೆ ಜುಲೈ, ಆಗಸ್ಟ್ ಪೂರ್ತಿ ಬೇಸಿಗೆ ರಜೆ. ಇಂಗ್ಲೆಂಡ್‌ನಲ್ಲಿ ಸುಮಾರು ಆರು ವಾರ ಮಾತ್ರ. ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಬಿಡುವು, ಚಳಿಗಾಲದಲ್ಲಿ ಕ್ರಿಸ್‌ಮಸ್ ರಜೆ, ಫೆಬ್ರವರಿಯಲ್ಲಿ ಕಿರುಬಿಡುವು, ವಸಂತದಲ್ಲಿ ಈಸ್ಟರ್ ರಜೆ ಇರುತ್ತವೆ. ಜುಲೈ 12ರ ಆಸುಪಾಸಿನ ಎರಡು ವಾರ ಕಟ್ಟಡ ಕಾಮಗಾರಿಗಳನ್ನೂ ಹಲವು ಕಾರ್ಖಾನೆಗಳನ್ನೂ ನಿಲ್ಲಿಸುವ ವಾಡಿಕೆಯಿದೆ. ಸಾರ್ವತ್ರಿಕ ರಜೆ ಶನಿವಾರ ಅಥವಾ ಭಾನುವಾರ ಬಂದರೆ ಬದಲಿ ರಜೆಯನ್ನು ಮುಂದಿನ ಕೆಲಸದ ದಿನ ಕೊಡಲಾಗುತ್ತದೆ.